‘ಸ್ವೀಟ್’ ಎಲ್ಲಿ, ‘ಸ್ವೀಟ್ಲಿ’ ಎಲ್ಲಿ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ತುಮಕೂರು ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಿಂದ ಬಂದ ಪತ್ರಗಳಲ್ಲಿ ಹಲವು ಇಂಗ್ಲಿಷ್ ವ್ಯಾಕರಣದ ಒಂದೇ ತೊಡಕಿನ ಸುತ್ತ ಇದ್ದುದರಿಂದ ಅವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ. ನೋಟ, ಸದ್ದು, ವಾಸನೆ, ರುಚಿ, ಸ್ಪರ್ಶಗಳನ್ನು ಹೇಳುವ ‘ಲುಕ್’, ‘ಸೌಂಡ್’, ‘ಸ್ಮೆಲ್’, ‘ಟೇಸ್ಟ್’, ‘ಫೀಲ್’ ಎಂಬ ಕ್ರಿಯಾಪದಗಳ ಮುಂದೆ ಗುಣವಾಚಕ ಬರಬೇಕೋ, ಕ್ರಿಯಾವಿಶೇಷಣ ಬರಬೇಕೋ, ಅಂದರೆ ಶಾಲೆಯ ಮಾತಿನಲ್ಲಿ ಅಡ್ಜೆಕ್ಟಿವೋ ಅಡ್ವರ್ಬೋ ಎಂಬುದೇ ಆ ತೊಡಕು.

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ನಮ್ಮ ಊರಿನ ಹಣ್ಣುಗಳ ಬಗ್ಗೆ ಪ್ರಬಂಧ ಬರೆಯಲು ಹೇಳಿದಾಗ ಒಬ್ಬ ಹುಡುಗ ‘ದಿ ಜ್ಯಾಕ್‌ಫ್ರೂಟ್ ಸ್ಮೆಲ್ಸ್ ಸ್ವೀಟ್ಲಿ’ ಎಂದು ಬರೆದಿದ್ದ. ಅದನ್ನು ‘ಸ್ಮೆಲ್ಸ್ ಸ್ವೀಟ್’ ಎಂದು ತಿದ್ದಿದೆ. ಮರುದಿನ ಹುಡುಗನ ತಂದೆ ಬಂದು, ‘ಶಿ ಸಿಂಗ್ಸ್ ಸ್ವೀಟ್ಲಿ’ ಸರಿಯಾದರೆ ಇದು ಹೇಗೆ ತಪ್ಪಾಗುತ್ತದೆ ಮೇಡಂ, ಎರಡೂ ಕಡೆ ಕ್ರಿಯಾಪದದ ಮುಂದೆ ತಾನೇ ಇದೆ ಎಂದು ಕೇಳಿದರು. ತಪ್ಪೆಂಬುದು ನನಗೆ ಗೊತ್ತು. ಏಕೆ ಎಂದು ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳುವುದು ಹೇಗೆ? (ತಿಪಟೂರು)

ಉತ್ತರ: ತಾವು ತಿದ್ದಿದ್ದು ಸರಿ, ಆ ತಂದೆ ಕೇಳಿದ ಪ್ರಶ್ನೆಯೂ ನ್ಯಾಯವಾದದ್ದೇ. ‘ಶಿ ಸಿಂಗ್ಸ್ ಸ್ವೀಟ್ಲಿ’ ಎಂದಾಗ ಇಂಪು ಹಾಡುವ ಕೆಲಸಕ್ಕೆ ಸೇರಿದ್ದು. ಹಾಡುವವಳು ಸ್ವಭಾವದಲ್ಲಿ ಸಿಡುಕಿಯಾಗಿದ್ದರೂ ವಾಕ್ಯ ಸುಳ್ಳಾಗುವುದಿಲ್ಲ. ‘ದಿ ಜ್ಯಾಕ್‌ಫ್ರೂಟ್ ಸ್ಮೆಲ್ಸ್ ಸ್ವೀಟ್’ ಎಂದಾಗ ಹಣ್ಣು ಯಾವ ಕೆಲಸವನ್ನೂ ಮಾಡುತ್ತಿಲ್ಲ. ಸಿಹಿ ಎಂಬುದು ಹಣ್ಣಿನ ಗುಣ, ಆ ಗುಣ ನಮಗೆ ತಿಳಿದದ್ದು ಮೂಗಿನಿಂದ ಎಂಬಷ್ಟನ್ನು ಮಾತ್ರ ‘ಸ್ಮೆಲ್ಸ್’ ಹೇಳುತ್ತದೆ. ಇಂಗ್ಲಿಷ್ ವ್ಯಾಕರಣದಲ್ಲಿ ಇಂತಹವನ್ನು ಲಿಂಕಿಂಗ್ ವರ್ಬ್ ಎನ್ನುತ್ತಾರೆ. ‘ದಿ ಜ್ಯಾಕ್‌ಫ್ರೂಟ್ ಈಸ್ ಸ್ವೀಟ್’ ಎಂಬಲ್ಲಿ ‘ಈಸ್’ ಹೇಗೆ ಹಣ್ಣನ್ನೂ ಸಿಹಿಯನ್ನೂ ಜೋಡಿಸುತ್ತದೆಯೋ ಇಲ್ಲಿ ‘ಸ್ಮೆಲ್ಸ್’ ಹಾಗೆಯೇ ಜೋಡಿಸುತ್ತದೆ. ನಾಮಪದದ ಗುಣವನ್ನು ಹೇಳುವುದು ಗುಣವಾಚಕದ ಕೆಲಸವಾದ್ದರಿಂದ ‘ಸ್ವೀಟ್’ ಬರಬೇಕು.

ಇಷ್ಟನ್ನು ಎಲ್ಲ ವ್ಯಾಕರಣ ಪುಸ್ತಕಗಳೂ ಹೇಳುತ್ತವೆ. ಹೇಳಿದ ಮೇಲೂ ನಮ್ಮ ಮಕ್ಕಳು ಅದೇ ತಪ್ಪನ್ನು ಮತ್ತೆ ಮಾಡುವುದಕ್ಕೆ ಕಾರಣ ಕನ್ನಡದಲ್ಲಿದೆ. ‘ಅವಳು ಇಂಪಾಗಿ ಹಾಡಿದಳು’, ‘ಹಾಡು ಇಂಪಾಗಿ ಕೇಳಿಸಿತು’, ‘ಹಾಡು ಇಂಪಾಗಿತ್ತು’ ಎಂಬ ಮೂರು ವಾಕ್ಯಗಳನ್ನು ನೋಡಿ. ಮೊದಲನೆಯದರಲ್ಲಿ ಇಂಪು ಹಾಡುವ ಕ್ರಿಯೆಯದು, ಉಳಿದೆರಡರಲ್ಲಿ ಹಾಡಿನದು. ಆದರೂ ಮೂರರಲ್ಲಿಯೂ ‘ಇಂಪಾಗಿ’ ಎಂಬ ಒಂದೇ ರೂಪ ನಿಂತಿದೆ. ‘ಆಗು’ ಧಾತುವಿನಿಂದ ಬಂದ ‘ಆಗಿ’ ಒಂದು ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಆ ಸ್ಥಿತಿ ಕೆಲಸದ್ದೋ ವಸ್ತುವಿನದ್ದೋ ಎಂಬುದನ್ನು ಬಿಡಿಸಿ ಹೇಳುವ ಹೊಣೆಯನ್ನು ಹೊರುವುದಿಲ್ಲ. ಕೇಳುವವರು ಕ್ರಿಯಾಪದವನ್ನು ನೋಡಿಕೊಂಡು ಅರ್ಥ ಮಾಡಿಕೊಳ್ಳುತ್ತಾರೆ. ಕನ್ನಡಕ್ಕೆ ಇದರಿಂದ ಯಾವ ಕೊರತೆಯೂ ಆಗಿಲ್ಲ. ಕೊರತೆ ಹುಟ್ಟುವುದು ನಾವು ಐದನೆಯ, ಆರನೆಯ ತರಗತಿಯಲ್ಲಿ ‘ಕನ್ನಡದಲ್ಲಿ ಆಗಿ ಬಂದರೆ ಇಂಗ್ಲಿಷಿನಲ್ಲಿ ಲಿ ಹಚ್ಚಿ’ ಎಂದು ಹೇಳಿಕೊಟ್ಟಾಗ. ಆ ಸೂತ್ರವನ್ನು ಶ್ರದ್ಧೆಯಿಂದ ಪಾಲಿಸಿದ ಹುಡುಗನೇ ‘ಸ್ಮೆಲ್ಸ್ ಸ್ವೀಟ್ಲಿ’ ಎಂದು ಬರೆಯುತ್ತಾನೆ. ಪಾಠದ ಕಡೆ ಗಮನ ಕೊಡದ ಹುಡುಗ ‘ಸ್ಮೆಲ್ಸ್ ಸ್ವೀಟ್’ ಎಂದೇ ಬರೆದು ಪಾರಾಗುವುದೂ ಉಂಟು.

ಆದರೆ ರೋಗ ಕನ್ನಡದಲ್ಲಿದ್ದರೆ ಮದ್ದೂ ಕನ್ನಡದಲ್ಲಿಯೇ ಇದೆ. ‘ಆಗಿ’ ಎಂಬ ರೂಪ ಎರಡೂ ಕಡೆ ಒಂದೇ ಆದರೂ ಕ್ರಿಯಾಪದ ಕನ್ನಡದಲ್ಲಿ ಬೇರೆ ಬೇರೆಯಾಗಿದೆ. ಇಂಗ್ಲಿಷಿನ ಮೂಗಿಗೆ ‘ಸ್ಮೆಲ್’ ಎಂಬ ಒಂದೇ ಪದ. ನಾಯಿ ಮೂಸಿದರೂ ‘ಸ್ಮೆಲ್’, ನಾಯಿಯಿಂದ ವಾಸನೆ ಬಂದರೂ ‘ಸ್ಮೆಲ್’. ನಮಗೆ ‘ಮೂಸು’ ಬೇರೆ, ‘ವಾಸನೆ ಬರು’, ‘ಘಮ್ಮೆನ್ನು’, ‘ನಾರು’ ಬೇರೆ. ಇಂಗ್ಲಿಷಿನ ‘ಲುಕ್’ ನಮ್ಮಲ್ಲಿ ‘ನೋಡು’, ‘ಕಾಣು’ ಎಂದು ಎರಡಾಗಿ ಒಡೆಯುತ್ತದೆ. ‘ಟೇಸ್ಟ್’ ಒಂದು ಕಡೆ ‘ರುಚಿ ನೋಡು’, ಇನ್ನೊಂದು ಕಡೆ ‘ರುಚಿ ಇರು’. ‘ಫೀಲ್’ ಒಂದು ಕಡೆ ‘ಮುಟ್ಟಿ ನೋಡು’, ‘ತಡವು’. ಇನ್ನೊಂದು ಕಡೆ ‘ಅನಿಸು’. ಕಿವಿಯ ವಿಷಯದಲ್ಲಿ ಮಾತ್ರ ಇಂಗ್ಲಿಷ್ ನಮ್ಮಷ್ಟೇ ಧಾರಾಳಿ: ಕಿವಿಗೊಟ್ಟರೆ ‘ಲಿಸನ್’, ಕಿವಿಗೆ ಬಿದ್ದರೆ ‘ಹಿಯರ್’, ಕೇಳಿಸುವ ಪರಿ ಹೇಳಬೇಕಾದರೆ ‘ಸೌಂಡ್’ ಎಂದು ಮೂರು ಪದಗಳನ್ನು ಇಟ್ಟುಕೊಂಡಿದೆ.

ಆದ್ದರಿಂದ ಮಕ್ಕಳು ಇಂಗ್ಲಿಷ್ ವಾಕ್ಯ ಬರೆಯುವ ಮುನ್ನ ತಾವು ಹೇಳಹೊರಟ ಕ್ರಿಯಾಪದ ಕನ್ನಡದಲ್ಲಿ ಯಾವುದು ಎಂದು ಕೇಳಿಕೊಳ್ಳಲಿ. ನೋಡು, ಮೂಸು, ರುಚಿ ನೋಡು, ಮುಟ್ಟು ಎಂಬ ಉತ್ತರ ಬಂದರೆ ಯಾರೋ ಬೇಕೆಂದೇ ಮಾಡಿದ ಕೆಲಸವೊಂದು ಅಲ್ಲಿದೆ, ಅದನ್ನು ಮಾಡಿದ ರೀತಿಯನ್ನು ಹೇಳಲು ಕ್ರಿಯಾವಿಶೇಷಣ ಬೇಕು. ಕಾಣು, ವಾಸನೆ ಬರು, ರುಚಿ ಇರು, ಅನಿಸು, ಕೇಳಿಸು ಎಂಬ ಉತ್ತರ ಬಂದರೆ ಅಲ್ಲಿ ಕೆಲಸವಿಲ್ಲ, ಗುಣವಿದೆ, ಗುಣವಾಚಕ ಬೇಕು. ತಡವಾಗಿ ಬಂದ ಮಕ್ಕಳನ್ನು ಮುಖ್ಯೋಪಾಧ್ಯಾಯರು ಸಿಟ್ಟಿನಿಂದ ನೋಡಿದರು ಎನ್ನಲು ‘ದಿ ಹೆಡ್‌ಮಾಸ್ಟರ್ ಲುಕ್ಡ್ ಆಂಗ್ರಿಲಿ ಅಟ್ ದೆಮ್’ ಎನ್ನಬೇಕು. ಮುಖ್ಯೋಪಾಧ್ಯಾಯರು ಸಿಟ್ಟಾಗಿರುವಂತೆ ಕಂಡರು ಎನ್ನಲು ‘ದಿ ಹೆಡ್‌ಮಾಸ್ಟರ್ ಲುಕ್ಡ್ ಆಂಗ್ರಿ’ ಎಂದರೆ ಸಾಕು. ಅಡುಗೆಯವರು ಸಾಂಬಾರಿನ ರುಚಿಯನ್ನು ಎಚ್ಚರಿಕೆಯಿಂದ ನೋಡಿದರು ಎಂಬಲ್ಲಿ ‘ಟೇಸ್ಟೆಡ್ ದಿ ಸಾಂಬಾರ್ ಕೇರ್‌ಫುಲಿ’. ಸಾಂಬಾರು ಹುಳಿಯಾಗಿತ್ತು ಎಂಬಲ್ಲಿ ‘ದಿ ಸಾಂಬಾರ್ ಟೇಸ್ಟೆಡ್ ಸೌರ್’. ವೈದ್ಯರು ಊದಿದ ಕಾಲನ್ನು ಮೆಲ್ಲಗೆ ಮುಟ್ಟಿ ನೋಡಿದರು, ‘ಫೆಲ್ಟ್ ದಿ ಫುಟ್ ಜೆಂಟ್ಲಿ’. ಕಾಲು ಬಿಸಿಯಾಗಿತ್ತು, ‘ದಿ ಫುಟ್ ಫೆಲ್ಟ್ ಹಾಟ್’.

ಮೇಲಿನ ಉದಾಹರಣೆಗಳಲ್ಲಿ ಇನ್ನೊಂದು ಗುರುತೂ ಸಿಗುತ್ತದೆ. ಕೆಲಸವನ್ನು ಹೇಳುವಾಗ ಕನ್ನಡ ಅನೇಕ ವೇಳೆ ‘ಆಗಿ’ಯನ್ನು ಬಿಟ್ಟು ‘ಇಂದ’ವನ್ನು ಹಿಡಿಯುತ್ತದೆ: ಸಿಟ್ಟಿನಿಂದ ನೋಡಿದರು, ಎಚ್ಚರಿಕೆಯಿಂದ ರುಚಿ ನೋಡಿದರು. ಗುಣವನ್ನು ಹೇಳುವ ಕಡೆ ‘ಇಂದ’ ಕೂಡುವುದಿಲ್ಲ, ‘ಆಗಿರುವಂತೆ’ ಎಂಬುದು ಕೂಡುತ್ತದೆ: ಸಿಟ್ಟಾಗಿರುವಂತೆ ಕಂಡರು. ಎಂಟನೆಯ ತರಗತಿಯ ಮಕ್ಕಳಿಗೆ ಲಿಂಕಿಂಗ್ ವರ್ಬ್ ಎಂಬ ಹೆಸರನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಈ ‘ಇಂದ’, ‘ಅಂತೆ’ಗಳ ಪರೀಕ್ಷೆಯನ್ನು ಕರಿಹಲಗೆಯ ಮೇಲೆ ನಾಲ್ಕು ಸಲ ಮಾಡಿ ತೋರಿಸುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಹುಡುಗನ ಪ್ರಬಂಧದ ಹಲಸಿನ ವಿಷಯಕ್ಕೇ ಬಂದರೆ, ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯ ಕೆಂಪು ತೊಳೆಯ ‘ಸಿದ್ದು’ ಹಲಸನ್ನು ಇಟ್ಟುಕೊಂಡು ಒಂದು ಅಭ್ಯಾಸವನ್ನೇ ಮಾಡಿಸಬಹುದು. ತೊಳೆ ಕೆಂಪಾಗಿ ಕಾಣುತ್ತದೆ, ‘ಲುಕ್ಸ್ ರೆಡ್’. ಹಣ್ಣು ಸಿಹಿಯಾಗಿ ಘಮ್ಮೆನ್ನುತ್ತದೆ, ‘ಸ್ಮೆಲ್ಸ್ ಸ್ವೀಟ್’. ಸಿಪ್ಪೆ ಒರಟಾಗಿದೆ, ‘ಫೀಲ್ಸ್ ರಫ್’. ಬೆರಳಿನಿಂದ ತಟ್ಟಿದಾಗ ಮಾಗಿದ ಹಣ್ಣು ಮಂದವಾಗಿ ಸದ್ದು ಮಾಡುತ್ತದೆ, ‘ಸೌಂಡ್ಸ್ ಡಲ್’. ಆದರೆ ಕೊಳ್ಳುವವರು ಅದನ್ನು ಮೂಸಿ ನೋಡುವುದು ‘ಕೇರ್‌ಫುಲಿ’. ತಿಂದು ರುಚಿಯನ್ನೂ ಹೇಳಿಸಿದರೆ ಐದು ಇಂದ್ರಿಯಗಳೂ ಒಂದು ಹಣ್ಣಿನಲ್ಲಿಯೇ ಮುಗಿಯುತ್ತವೆ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ತರಬೇತಿ ಕೊಡುವವರು, ಕ್ರಿಯಾಪದದ ಜಾಗದಲ್ಲಿ ‘ಈಸ್’ ಅಥವಾ ‘ವಾಸ್’ ಇಟ್ಟು ನೋಡಿ, ವಾಕ್ಯ ನಿಂತರೆ ಗುಣವಾಚಕ, ಬಿದ್ದರೆ ಕ್ರಿಯಾವಿಶೇಷಣ ಎಂದು ಹೇಳಿಕೊಟ್ಟಿದ್ದಾರೆ. ಅದನ್ನು ಪೂರ್ತಿ ನಂಬಬಹುದೇ? (ಗುಬ್ಬಿ)

ಉತ್ತರ: ಬಹುಪಾಲು ನಂಬಬಹುದು. ‘ದಿ ಸಾಂಬಾರ್ ವಾಸ್ ಸೌರ್’ ನಿಲ್ಲುತ್ತದೆ, ಆದ್ದರಿಂದ ‘ಟೇಸ್ಟೆಡ್ ಸೌರ್’ ಸರಿ. ‘ದಿ ಕುಕ್ ವಾಸ್ ದಿ ಸಾಂಬಾರ್’ ಬಿದ್ದುಹೋಗುತ್ತದೆ, ಆದ್ದರಿಂದ ಅಲ್ಲಿ ‘ಕೇರ್‌ಫುಲಿ’ ಬೇಕು. ಕ್ರಿಯಾಪದಕ್ಕೆ ಕರ್ಮಪದವಿದ್ದರೆ, ಅಥವಾ ಅದರ ಮುಂದೆಯೇ ‘ಅಟ್’, ‘ಫಾರ್’ ಮುಂತಾದ ಪದ ಬಂದು ಯಾವುದರ ಕಡೆಗೆ ನೋಡಿದರು, ಏನನ್ನು ಹುಡುಕಿದರು ಎಂಬುದನ್ನು ಹೇಳುತ್ತಿದ್ದರೆ, ಅದು ಕೆಲಸವನ್ನು ಹೇಳುವ ಕ್ರಿಯಾಪದ ಎಂಬುದು ಪರೀಕ್ಷಾ ಕೊಠಡಿಯಲ್ಲಿ ಬೇಗ ಕಣ್ಣಿಗೆ ಬೀಳುವ ಗುರುತು.

ಈ ಉಪಾಯ ಕೈಕೊಡುವುದು ಎರಡು ರೂಪಗಳೂ ಸರಿಯಾಗಿದ್ದು ಅರ್ಥ ಮಾತ್ರ ಬೇರೆಯಾಗುವ ಕಡೆ. ‘ದಿ ಹಾರ್ನ್ ಸೌಂಡೆಡ್ ಲೌಡ್’ ಎಂದರೆ ಹಾರನ್ನಿನ ಸದ್ದು ಕೇಳುವವರ ಕಿವಿಗೆ ಜೋರೆನಿಸಿತು ಎಂದು. ‘ದಿ ಹಾರ್ನ್ ಸೌಂಡೆಡ್ ಲೌಡ್ಲಿ’ ಎಂದರೆ ಹಾರನ್ ಜೋರಾಗಿ ಮೊಳಗಿತು ಎಂದು. ಇಲ್ಲಿ ‘ಸೌಂಡ್’ ಎಂಬುದು ಮೊಳಗುವ ಕೆಲಸ. ಚಾಲಕರು ಹಾರನ್ ಒತ್ತಿದರು ಎನ್ನಲು ‘ದಿ ಡ್ರೈವರ್ ಸೌಂಡೆಡ್ ದಿ ಹಾರ್ನ್’ ಎನ್ನುವುದೂ ಇದೇ ಅರ್ಥದಲ್ಲಿ. ಹಾಗೆಯೇ ‘ಹಿ ಲುಕ್ಡ್ ಕೋಲ್ಡ್’ ಎಂದರೆ ಚಳಿಯಿಂದ ಸೊರಗಿದಂತೆ ಕಂಡ, ‘ಹಿ ಲುಕ್ಡ್ ಕೋಲ್ಡ್ಲಿ ಅಟ್ ಮಿ’ ಎಂದರೆ ಆದರವಿಲ್ಲದೆ ನನ್ನ ಕಡೆ ನೋಡಿದ. ಅರ್ಥವನ್ನು ಬರೆಯುವವರೇ ಆರಿಸಿಕೊಳ್ಳಬೇಕಾದ ಇಂತಹ ಕಡೆ ‘ಈಸ್’ ಪರೀಕ್ಷೆ ಸುಮ್ಮನಾಗುತ್ತದೆ, ನೋಡು ಮತ್ತು ಕಾಣು ಎಂಬ ಕನ್ನಡದ ಜೋಡಿ ದಾರಿ ತೋರಿಸುತ್ತದೆ.

ಪ್ರಶ್ನೆ: ಕಚೇರಿಯಿಂದ ಹೋದ ಪತ್ರವೊಂದರಲ್ಲಿ ವಿಳಂಬಕ್ಕೆ ವಿಷಾದ ಸೂಚಿಸಿ ‘ಐ ಫೀಲ್ ಬ್ಯಾಡ್ಲಿ ಅಬೌಟ್ ದಿ ಡಿಲೇ’ ಎಂದು ಬರೆದೆ. ಮೇಲಧಿಕಾರಿಗಳು ‘ಬ್ಯಾಡ್’ ಎಂದು ತಿದ್ದಿದರು. ಇಂಗ್ಲಿಷರೇ ‘ಫೀಲ್ ಬ್ಯಾಡ್ಲಿ’ ಎನ್ನುವುದನ್ನು ಕೇಳಿದ್ದೇನೆ. ಯಾವುದು ಸರಿ? (ಶಿರಾ)

ಉತ್ತರ: ಮೇಲಧಿಕಾರಿಗಳು ತಿದ್ದಿದ್ದು ನಿಯಮಕ್ಕೆ ಹೊಂದುತ್ತದೆ. ಮನಸ್ಸಿಗೆ ಬೇಸರವಾಗಿದೆ, ಕೆಟ್ಟದೆನಿಸುತ್ತಿದೆ ಎಂಬುದು ‘ಅನಿಸು’ ಪಕ್ಷದ ಮಾತು. ಆದ್ದರಿಂದ ‘ಐ ಫೀಲ್ ಬ್ಯಾಡ್’. ನಿಯಮವನ್ನು ಅಕ್ಷರಶಃ ಹಿಡಿದರೆ ‘ಐ ಫೀಲ್ ಬ್ಯಾಡ್ಲಿ’ ಎಂಬುದಕ್ಕೆ ನನ್ನ ಸ್ಪರ್ಶಜ್ಞಾನ ಸರಿಯಿಲ್ಲ, ಮುಟ್ಟಿ ತಿಳಿಯುವುದರಲ್ಲಿ ನಾನು ಹಿಂದು ಎಂಬ ಅರ್ಥ ಬರುತ್ತದೆ. ಹಾಗಿದ್ದರೂ ತಾವು ಕೇಳಿದ್ದು ಸುಳ್ಳಲ್ಲ. ಇಂಗ್ಲಿಷನ್ನು ತಾಯ್ನುಡಿಯಾಗಿ ಆಡುವವರಲ್ಲಿ, ಅದರಲ್ಲಿಯೂ ಅಮೆರಿಕದಲ್ಲಿ, ವಿಷಾದದ ಅರ್ಥದಲ್ಲಿ ‘ಫೀಲ್ ಬ್ಯಾಡ್ಲಿ’ ಎನ್ನುವವರು ಸಾಕಷ್ಟು ಜನರಿದ್ದಾರೆ. ‘ಫೀಲ್ ಬ್ಯಾಡ್’ ಎಂದರೆ ಮೈ ಸರಿಯಿಲ್ಲ ಎಂದಾಗಬಹುದು, ಆದ್ದರಿಂದ ಮನಸ್ಸಿನ ನೋವಿಗೆ ‘ಬ್ಯಾಡ್ಲಿ’ ಇರಲಿ ಎಂಬುದು ಅವರ ಪರವಾಗಿ ಹೇಳುವ ಮಾತು. ನಿಘಂಟುಗಳೂ ಆ ಬಳಕೆಯನ್ನು ದಾಖಲಿಸುತ್ತವೆ. ಆದರೆ ಪರೀಕ್ಷೆಯಲ್ಲಿ ಅಂಕ ಸಿಗುವುದು ‘ಬ್ಯಾಡ್’ ಎಂಬುದಕ್ಕೆ, ಕಚೇರಿಯ ಪತ್ರದಲ್ಲಿ ಆಕ್ಷೇಪ ಬಾರದಿರುವುದೂ ಅದಕ್ಕೇ. ವಿಳಂಬಕ್ಕೆ ಕ್ಷಮೆ ಕೇಳುವುದಾದರೆ ಎರಡನ್ನೂ ಬಿಟ್ಟು ‘ಐ ಆ್ಯಮ್ ಸಾರಿ ಫಾರ್ ದಿ ಡಿಲೇ’ ಎಂದು ಬರೆಯುವುದು ಇನ್ನೂ ಒಳ್ಳೆಯದು.

‘ಫೀಲ್’ ಎಂಬುದಕ್ಕೆ ಮೂರನೆಯ ಅರ್ಥವೊಂದಿದೆ, ಅದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ‘ಐ ಫೀಲ್ ಸ್ಟ್ರಾಂಗ್’ ಎಂದರೆ ಮೈಯಲ್ಲಿ ಶಕ್ತಿ ಇದೆ ಎನಿಸುತ್ತಿದೆ ಎಂದು. ‘ಐ ಫೀಲ್ ಸ್ಟ್ರಾಂಗ್ಲಿ ದಟ್ ದಿ ವಿಲೇಜ್ ನೀಡ್ಸ್ ಎ ಲೈಬ್ರರಿ’ ಎಂದರೆ ಊರಿಗೆ ಗ್ರಂಥಾಲಯ ಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ ಎಂದು. ಇಲ್ಲಿ ‘ಫೀಲ್’ ಎಂದರೆ ಅಭಿಪ್ರಾಯಪಡು; ದೃಢತೆ ಅಭಿಪ್ರಾಯಪಡುವ ಕ್ರಿಯೆಯದ್ದು, ಆಡುವವರ ಮೈಕಟ್ಟಿನದ್ದಲ್ಲ. ಆದ್ದರಿಂದ ‘ಸ್ಟ್ರಾಂಗ್ಲಿ’ ಎಂಬುದೇ ಸರಿ. ಸಭೆಯಲ್ಲಿ ಎದ್ದು ನಿಂತು ‘ಐ ಫೀಲ್ ಸ್ಟ್ರಾಂಗ್ ಅಬೌಟ್ ದಿಸ್’ ಎನ್ನುವವರು ಎಲ್ಲ ಕಡೆಯೂ ಸಿಗುತ್ತಾರೆ. ಅವರು ಹೇಳಬೇಕೆಂದಿದ್ದುದು ‘ಸ್ಟ್ರಾಂಗ್ಲಿ’.

ಪ್ರಶ್ನೆ: ‘ಗುಡ್’ ಎಂಬುದು ಗುಣವಾಚಕ, ‘ವೆಲ್’ ಎಂಬುದು ಕ್ರಿಯಾವಿಶೇಷಣ ಎಂದು ಕಲಿತಿದ್ದೇನೆ. ಹಾಗಾದರೆ ‘ಐ ಡೋಂಟ್ ಫೀಲ್ ವೆಲ್’ ಎಂದು ಎಲ್ಲರೂ ಹೇಳುವುದು ತಪ್ಪೇ? (ಕುಣಿಗಲ್)

ಉತ್ತರ: ತಪ್ಪಲ್ಲ. ‘ವೆಲ್’ ಎಂಬ ರೂಪದಲ್ಲಿ ಎರಡು ಪದಗಳಿವೆ. ಒಂದು ಕ್ರಿಯಾವಿಶೇಷಣ, ‘ಶಿ ಸಿಂಗ್ಸ್ ವೆಲ್’ ಎಂಬಲ್ಲಿರುವುದು. ಇನ್ನೊಂದು ಗುಣವಾಚಕ, ಆರೋಗ್ಯವಾಗಿರುವ ಎಂಬುದು ಅದರ ಅರ್ಥ, ‘ಅನ್‌ವೆಲ್’ ಎಂಬುದು ಅದರದೇ ವಿರುದ್ಧಪದ. ‘ಐ ಡೋಂಟ್ ಫೀಲ್ ವೆಲ್’ ಎಂಬಲ್ಲಿರುವುದು ಈ ಎರಡನೆಯದು, ಹಾಗಾಗಿ ನಿಯಮ ಮುರಿದಿಲ್ಲ. ಕಾಯಿಲೆಯಿಂದ ಎದ್ದವರನ್ನು ಕಂಡು ‘ಯು ಲುಕ್ ವೆಲ್’ ಎಂದರೆ ಆರೋಗ್ಯ ಮರಳಿದಂತೆ ಕಾಣುತ್ತಿದೆ ಎಂದರ್ಥ. ಮದುವೆ ಮನೆಯಲ್ಲಿ ರೇಷ್ಮೆ ಸೀರೆ ಉಟ್ಟವರಿಗೆ ‘ಯು ಲುಕ್ ಗುಡ್’ ಎಂದರೆ ಚೆಂದ ಕಾಣುತ್ತಿದ್ದೀರಿ ಎಂದರ್ಥ. ‘ಫೀಲ್ ಗುಡ್’ ಎಂಬುದು ಮನಸ್ಸಿನ ಉಲ್ಲಾಸವನ್ನು, ‘ಫೀಲ್ ವೆಲ್’ ಎಂಬುದು ಮೈಯ ಸೌಖ್ಯವನ್ನು ಹೇಳುವುದು ವಾಡಿಕೆ.

ಆರೋಗ್ಯವಿಲ್ಲದ ವಸ್ತುಗಳಿಗೆ ಈ ಎರಡನೆಯ ‘ವೆಲ್’ ಒಪ್ಪುವುದಿಲ್ಲ. ಇಡ್ಲಿ ‘ಟೇಸ್ಟ್ಸ್ ಗುಡ್’ ಆಗಬಹುದೇ ವಿನಾ ‘ಟೇಸ್ಟ್ಸ್ ವೆಲ್’ ಆಗಲಾರದು. ಸಂಪಿಗೆ ‘ಸ್ಮೆಲ್ಸ್ ಗುಡ್’. ‘ದಿ ಡಾಗ್ ಸ್ಮೆಲ್ಸ್ ವೆಲ್’ ಎಂದು ಬರೆದರೆ ನಾಯಿಗೆ ಮೂಸುವ ಚಾತುರ್ಯ ಚೆನ್ನಾಗಿದೆ ಎಂದಾಗುತ್ತದೆ, ಸ್ನಾನ ಮಾಡಿಸಿದ ನಾಯಿ ಎಂದಾಗುವುದಿಲ್ಲ. ಕನ್ನಡದ ‘ಚೆನ್ನಾಗಿ’ ಈ ಎಲ್ಲ ಕೆಲಸವನ್ನೂ ಒಂಟಿಯಾಗಿ ಮಾಡುತ್ತದೆ. ಚೆನ್ನಾಗಿ ಹಾಡಿದಳು, ಚೆನ್ನಾಗಿ ಕಾಣುತ್ತಾಳೆ, ಚೆನ್ನಾಗಿದ್ದಾಳೆ ಎಂಬ ಮೂರನ್ನೂ ಇಂಗ್ಲಿಷಿಗೆ ಒಯ್ಯುವಾಗ ಮೊದಲನೆಯದಕ್ಕೆ ‘ವೆಲ್’, ಎರಡನೆಯದಕ್ಕೆ ‘ಗುಡ್’, ಮೂರನೆಯದು ಆರೋಗ್ಯದ ಮಾತಾಗಿದ್ದರೆ ಮತ್ತೆ ‘ವೆಲ್’.

ಪ್ರಶ್ನೆ: ಗುಣವಾಚಕವೇ ಬರಬೇಕೆಂದಾದರೆ ‘ದಿ ರೂಮ್ ಸ್ಮೆಲ್ಸ್ ಸ್ಟ್ರಾಂಗ್ಲಿ ಆಫ್ ಕೆರೋಸಿನ್’ ಎಂಬ ವಾಕ್ಯ ಪಠ್ಯಪುಸ್ತಕದಲ್ಲಿ ಹೇಗೆ ಬಂತು? ‘ಶಿ ಲುಕ್ಸ್ ರಿಯಲಿ ಟೈರ್ಡ್’ ಎಂಬಲ್ಲಿಯೂ ‘ಲಿ’ ಇದೆಯಲ್ಲ? (ಪಾವಗಡ)

ಉತ್ತರ: ಇಂದ್ರಿಯದ ಕ್ರಿಯಾಪದಗಳ ಮುಂದೆ ಕ್ರಿಯಾವಿಶೇಷಣ ಎಂದೂ ಬರಬಾರದು ಎಂದು ತರಗತಿಗಳಲ್ಲಿ ಹೇಳುವುದು ಅರ್ಧ ಸತ್ಯ ಮಾತ್ರ. ವಸ್ತುವಿನ ಗುಣವನ್ನು ಹೇಳುವ ಸ್ಥಾನದಲ್ಲಿ ಅದು ಬರಬಾರದು. ಬೇರೆ ಸ್ಥಾನಗಳಲ್ಲಿ ಅಡ್ಡಿಯಿಲ್ಲ. ಕೊಠಡಿಯಲ್ಲಿ ಸೀಮೆಎಣ್ಣೆಯ ವಾಸನೆ ಬರುತ್ತಿದೆ ಎಂಬ ಸಂಗತಿಯನ್ನು ‘ಆಫ್ ಕೆರೋಸಿನ್’ ಎಂಬುದು ಆಗಲೇ ಹೇಳಿಬಿಟ್ಟಿದೆ. ‘ಸ್ಟ್ರಾಂಗ್ಲಿ’ ಹೇಳುವುದು ಆ ವಾಸನೆ ಎಷ್ಟರ ಮಟ್ಟಿಗೆ ಬರುತ್ತಿದೆ ಎಂಬ ಪ್ರಮಾಣವನ್ನು, ಕೊಠಡಿಯ ಗುಣವನ್ನಲ್ಲ. ‘ಆಫ್’ ಇಲ್ಲದೆ ಬರೆದರೆ ‘ದಿ ಕೆರೋಸಿನ್ ಸ್ಮೆಲ್ಸ್ ಸ್ಟ್ರಾಂಗ್’ ಎಂದು ಗುಣವಾಚಕವೇ ಬರುತ್ತದೆ. ‘ರಿಯಲಿ ಟೈರ್ಡ್’ ಎಂಬಲ್ಲಿ ‘ರಿಯಲಿ’ ಅಂಟಿಕೊಂಡಿರುವುದು ‘ಲುಕ್ಸ್’ ಎಂಬುದಕ್ಕಲ್ಲ, ‘ಟೈರ್ಡ್’ ಎಂಬ ಗುಣವಾಚಕಕ್ಕೆ. ಬಹಳ ದಣಿದ, ನಿಜಕ್ಕೂ ದಣಿದ ಎಂದು ಅದಕ್ಕೆ ಒತ್ತು ಕೊಡುತ್ತಿದೆ. ‘ಟೇಸ್ಟ್ಸ್ ಸ್ಲೈಟ್ಲಿ ಬಿಟರ್’ ಎಂಬುದೂ ಹಾಗೆಯೇ.

ಕಾಲವನ್ನೋ ಆದ ಬಗೆಯನ್ನೋ ಹೇಳುವ ಕ್ರಿಯಾವಿಶೇಷಣಗಳಿಗೂ ಇಲ್ಲಿ ಜಾಗವುಂಟು: ‘ಇಟ್ ಸ್ಟಿಲ್ ಸ್ಮೆಲ್ಸ್ ಫ್ರೆಶ್’, ‘ಶಿ ಸಡನ್ಲಿ ಫೆಲ್ಟ್ ಕೋಲ್ಡ್’. ಎರಡನೆಯ ವಾಕ್ಯದಲ್ಲಿ ಅವಳಿಗೆ ಆದದ್ದು ಚಳಿ, ಆದ ಬಗೆ ಥಟ್ಟನೆ. ಚಳಿಗೆ ಗುಣವಾಚಕ, ಥಟ್ಟನೆಗೆ ಕ್ರಿಯಾವಿಶೇಷಣ. ಒಂದರ ಜಾಗವನ್ನು ಇನ್ನೊಂದು ಕಿತ್ತುಕೊಂಡಿಲ್ಲ.

‘ಸ್ಮೆಲ್’ ಎಂಬುದರ ಮುಂದೆ ಯಾವ ಪದವೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಿ. ‘ದಿ ಫಿಶ್ ಸ್ಮೆಲ್ಸ್’ ಎಂದು ನಿಲ್ಲಿಸಿದರೆ ಮೀನು ನಾರುತ್ತಿದೆ ಎಂದೇ ಅರ್ಥ. ಹಳಗನ್ನಡದಲ್ಲಿ ಹೂವೂ ‘ನಾರು’ತ್ತಿತ್ತು, ಕಂಪಿಗೂ ಆ ಮಾತು ಸಲ್ಲುತ್ತಿತ್ತು, ಇಂದು ಯಾರ ಮುಡಿಯ ಹೂವಿನ ಬಗ್ಗೆಯೂ ಹಾಗೆ ಹೇಳುವಂತಿಲ್ಲ.

ಪ್ರಶ್ನೆ: ‘ಫ್ರೆಂಡ್ಲಿ’, ‘ಲವ್ಲಿ’ ಎಂಬ ಪದಗಳ ಕೊನೆಯಲ್ಲಿ ‘ಲಿ’ ಇದ್ದರೂ ‘ಶಿ ಲುಕ್ಸ್ ಫ್ರೆಂಡ್ಲಿ’ ಎನ್ನುತ್ತಾರೆ. ಏಕೆ? (ಮಧುಗಿರಿ)

ಉತ್ತರ: ಅವು ಹುಟ್ಟಿನಿಂದಲೇ ಗುಣವಾಚಕಗಳು. ‘ಫ್ರೆಂಡ್’, ‘ಲವ್’ ಎಂಬ ನಾಮಪದಗಳಿಗೆ ‘ಲಿ’ ಸೇರಿದಾಗ ಗುಣವಾಚಕ ಆಗುತ್ತದೆ, ‘ಸ್ವೀಟ್’, ‘ಆಂಗ್ರಿ’ಯಂತಹ ಗುಣವಾಚಕಗಳಿಗೆ ಸೇರಿದಾಗ ಕ್ರಿಯಾವಿಶೇಷಣ ಆಗುತ್ತದೆ ಎಂದು ಸ್ಥೂಲವಾಗಿ ತಿಳಿದರೆ ಸಾಕು. ‘ಲೋನ್ಲಿ’, ‘ಅಗ್ಲಿ’, ‘ಸಿಲ್ಲಿ’ ಎಂಬವೂ ಗುಣವಾಚಕಗಳೇ. ಇದಕ್ಕೆ ಎದುರಾಗಿ ‘ಹಾರ್ಡ್’, ‘ಫಾಸ್ಟ್’ ಎಂಬವು ‘ಲಿ’ ಇಲ್ಲದೆಯೇ ಕ್ರಿಯಾವಿಶೇಷಣಗಳಾಗಿಯೂ ನಡೆಯುತ್ತವೆ. ‘ಹಿ ಲುಕ್ಡ್ ಹಾರ್ಡ್ ಅಟ್ ದಿ ಮ್ಯಾಪ್’ ಎಂದರೆ ನಕ್ಷೆಯನ್ನು ದಿಟ್ಟಿಸಿ ನೋಡಿದ. ಅಲ್ಲಿ ‘ಹಾರ್ಡ್ಲಿ’ ಎಂದು ಬರೆದರೆ ನೋಡಿದ್ದೇ ಇಲ್ಲವೆನ್ನುವಷ್ಟು ಅರ್ಥ ಕೆಡುತ್ತದೆ.

ಪ್ರಶ್ನೆ: ನಮ್ಮದು ಸಣ್ಣ ಹೋಟೆಲು. ಗ್ರಾಹಕರು ಮೊಬೈಲಿನಲ್ಲಿ ‘ದಿ ತಟ್ಟೆ ಇಡ್ಲಿ ಈಸ್ ಟೇಸ್ಟಿಂಗ್ ಗುಡ್’ ಎಂದು ಮೆಚ್ಚಿ ಬರೆಯುತ್ತಾರೆ. ಕಾಲೇಜಿಗೆ ಹೋಗುವ ಮಗಳು ಇದು ತಪ್ಪು ಇಂಗ್ಲಿಷ್ ಎಂದು ನಗುತ್ತಾಳೆ. ‘ಗುಡ್’ ಎಂಬ ಗುಣವಾಚಕವೇ ಇದೆಯಲ್ಲ, ತಪ್ಪೇನು? (ಕ್ಯಾತ್ಸಂದ್ರ)

ಉತ್ತರ: ‘ಗುಡ್’ ಸರಿ, ಮಗಳು ನಕ್ಕಿದ್ದು ‘ಈಸ್ ಟೇಸ್ಟಿಂಗ್’ ಎಂಬುದಕ್ಕೆ. ನಡೆಯುತ್ತಿರುವ ಕೆಲಸವನ್ನು ಹೇಳುವ ‘ಇಂಗ್’ ರೂಪ ಗುಣವನ್ನು ಹೇಳುವ ‘ಟೇಸ್ಟ್’, ‘ಸ್ಮೆಲ್’ಗಳಿಗೆ ಸಾಮಾನ್ಯವಾಗಿ ಒಗ್ಗುವುದಿಲ್ಲ, ಏಕೆಂದರೆ ಅಲ್ಲಿ ನಡೆಯುತ್ತಿರುವ ಕೆಲಸವೇ ಇಲ್ಲ. ಇಡ್ಲಿ ರುಚಿಯಾಗಿದೆ, ಅಷ್ಟೇ: ‘ದಿ ಇಡ್ಲಿ ಟೇಸ್ಟ್ಸ್ ಗುಡ್’. ಅಡುಗೆಯವರು ಒಳಗೆ ಚಟ್ನಿಯ ರುಚಿ ನೋಡುತ್ತಿದ್ದರೆ ‘ದಿ ಕುಕ್ ಈಸ್ ಟೇಸ್ಟಿಂಗ್ ದಿ ಚಟ್ನಿ’ ಎಂದು ಧಾರಾಳವಾಗಿ ಹೇಳಬಹುದು, ಏಕೆಂದರೆ ಅದು ಕೆಲಸ. ಗುಣವಾಚಕವೋ ಕ್ರಿಯಾವಿಶೇಷಣವೋ ಎಂದು ತೀರ್ಮಾನಿಸಿದ ಭೇದವೇ ‘ಇಂಗ್’ ಬರಬಹುದೋ ಬಾರದೋ ಎಂಬುದನ್ನೂ ತೀರ್ಮಾನಿಸುತ್ತದೆ.

ಈ ತಪ್ಪಿನ ಮೂಲವೂ ನಮ್ಮ ನುಡಿಗಟ್ಟಿನಲ್ಲಿದೆ. ‘ಘಮಘಮ ವಾಸನೆ ಬರುತ್ತಿದೆ’ ಎಂದು ಕನ್ನಡದಲ್ಲಿ ವರ್ತಮಾನದ ಸಾಗುವ ರೂಪವನ್ನೇ ಬಳಸುವುದರಿಂದ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ‘ಈಸ್ ಸ್ಮೆಲಿಂಗ್’ ತಾನಾಗಿ ಬಾಯಿಗೆ ಬರುತ್ತದೆ. ಅಪವಾದಗಳೂ ಉಂಟು. ‘ಐ ಆ್ಯಮ್ ಫೀಲಿಂಗ್ ಟೈರ್ಡ್’, ‘ಯು ಆರ್ ಲುಕಿಂಗ್ ವೆಲ್’ ಎಂಬವನ್ನು ಇಂಗ್ಲಿಷಿನವರೂ ಯಾವ ಅಳುಕಿಲ್ಲದೆ ಹೇಳುತ್ತಾರೆ. ಈ ಹೊತ್ತಿನ ಸ್ಥಿತಿ, ಮುಂದೆ ಬದಲಾಗಬಹುದಾದದ್ದು ಎಂಬ ಧ್ವನಿ ಅಲ್ಲಿರುತ್ತದೆ. ಇಡ್ಲಿಯನ್ನು ಮೆಚ್ಚಿದವರ ಇಂಗ್ಲಿಷನ್ನು ತಾವು ತಿದ್ದುವ ಅಗತ್ಯವೇನೂ ಇಲ್ಲ. ಆದರೆ ತಮ್ಮ ಫಲಕದಲ್ಲಿ ಬರೆಸುವುದಾದರೆ ‘ಟೇಸ್ಟ್ಸ್’ ಎಂದೇ ಬರೆಸಿ.

ಪ್ರಶ್ನೆ: ಈ ನಿಯಮ ಐದು ಇಂದ್ರಿಯಗಳ ಕ್ರಿಯಾಪದಗಳಿಗೆ ಮಾತ್ರವೇ? ‘ದಿ ಮಿಲ್ಕ್ ಟರ್ನ್ಡ್ ಸೌರ್’, ‘ಕೀಪ್ ಕ್ವೈಟ್’ ಎಂಬಲ್ಲಿಯೂ ‘ಲಿ’ ಕಾಣುವುದಿಲ್ಲ. (ಚಿಕ್ಕನಾಯಕನಹಳ್ಳಿ)

ಉತ್ತರ: ಐದಕ್ಕೆ ಮಾತ್ರ ಅಲ್ಲ. ಇರುವಿಕೆ ಮತ್ತು ಆಗುವಿಕೆಯನ್ನು ಹೇಳುವ ಇಂಗ್ಲಿಷ್ ಕ್ರಿಯಾಪದಗಳೆಲ್ಲ ಇದೇ ದಾರಿಯವು. ‘ಬಿಕಮ್’, ‘ಸೀಮ್’ ಎಂಬವುಗಳಿಗೆ ಬೇರೆ ಅರ್ಥದ ಗೊಡವೆ ಕಡಿಮೆ. ‘ಟರ್ನ್’, ‘ಗ್ರೋ’, ‘ಗೋ’, ‘ಅಪಿಯರ್’, ‘ಕೀಪ್’ ಮುಂತಾದವಕ್ಕೆ ಮಾತ್ರ ಎರಡು ಮುಖಗಳಿರುವುದರಿಂದ ಅಲ್ಲಿಯೂ ಕನ್ನಡದ ಕ್ರಿಯಾಪದವನ್ನು ಕೇಳಿಕೊಳ್ಳಬೇಕು. ಹಾಲು ಹುಳಿಯಾಯಿತು ಎಂಬಲ್ಲಿ ‘ಟರ್ನ್’ ಎಂದರೆ ‘ಆಗು’: ‘ಟರ್ನ್ಡ್ ಸೌರ್’. ಬಸ್ಸು ತಟಕ್ಕನೆ ತಿರುಗಿತು ಎಂಬಲ್ಲಿ ‘ತಿರುಗು’: ‘ಟರ್ನ್ಡ್ ಸಡನ್ಲಿ’. ಮಳೆಗಾಲದಲ್ಲಿ ಸರಿಯಾಗಿ ಒಣಗದ ಕೊಬ್ಬರಿ ಕೆಟ್ಟುಹೋದರೆ ‘ದಿ ಕೊಪ್ರಾ ವೆಂಟ್ ಬ್ಯಾಡ್’. ಅಲ್ಲಿ ‘ಗೋ’ ಎಂದರೆ ನಡೆದು ಹೋಗುವುದಲ್ಲ, ಕನ್ನಡದ ‘ಕೆಟ್ಟುಹೋಗು’ ಎಂಬಲ್ಲಿರುವ ‘ಹೋಗು’ ಕೂಡ ಅಂಥದ್ದೇ. ದೇವರಾಯನದುರ್ಗದ ಕಾಡಂಚಿನಲ್ಲಿ ಚಿರತೆ ಹಠಾತ್ತನೆ ಕಾಣಿಸಿಕೊಂಡಿತು ಎಂದರೆ ‘ಅಪಿಯರ್ಡ್ ಸಡನ್ಲಿ’. ಆ ಚಿರತೆ ಬಡಕಲಾಗಿ ಕಂಡಿತು ಎಂದರೆ ‘ಅಪಿಯರ್ಡ್ ಥಿನ್’. ಕಾಣಿಸಿಕೊಳ್ಳುವುದು ಕೆಲಸ, ಕಾಣುವುದು ಗುಣ.

‘ಕೀಪ್ ಕ್ವೈಟ್ಲಿ’ ಎಂದು ಮಕ್ಕಳಿಗೆ ಹೇಳುವುದನ್ನು ಅನೇಕ ಶಾಲೆಗಳಲ್ಲಿ ಕೇಳುತ್ತೇವೆ. ಸುಮ್ಮನಿರಿ ಎಂಬಲ್ಲಿ ‘ಕೀಪ್’ ಎಂದರೆ ‘ಇರು’, ಆದ್ದರಿಂದ ‘ಕೀಪ್ ಕ್ವೈಟ್’. ಪುಸ್ತಕವನ್ನು ಸದ್ದಿಲ್ಲದೆ ಮೇಜಿನ ಮೇಲೆ ಇಡಿ ಎಂಬಲ್ಲಿ ‘ಇಡು’, ಅದಕ್ಕೆ ‘ಕ್ವೈಟ್ಲಿ’ ಸಲ್ಲುತ್ತದೆ. ಆದರೆ ಅಲ್ಲಿ ‘ಕೀಪ್’ ಎನ್ನುವುದು ನಮ್ಮ ದೇಶದ ಇಂಗ್ಲಿಷಿನ ರೂಢಿ, ‘ಪುಟ್ ದಿ ಬುಕ್ ಕ್ವೈಟ್ಲಿ ಆನ್ ದಿ ಟೇಬಲ್’ ಎನ್ನುವುದು ಉತ್ತಮ.